ಓಡಾಟದ ಈರಭದ್ರನ ಆಲಿಕೆ

ನಮ್ಮನೆಯವರ ತಿಥಿಯ ದಿನ ಆಲಿಕೆಗೆ ಜನ ತುಂಬಾ ಬಂದಿದ್ದರು. ನಡುಮನೆಯಲ್ಲಿ ಹಾಸಿದ್ದ ಚಾಪೆ ಸಾಲದೆ ಪಕ್ಕದ ಮನೆಯಿಂದ ಜಮಖಾನ ತರಿಸಿದೆ. ಅವರು ಕೈಯಾರೆ ಮಾಡಿದ್ದನ್ನೆಲ್ಲ ನಡುವೆ ಇಟ್ಟೆ: ಅಡುಗೆಮನೆಯ ಸ್ಟೂಲು, ದೇವರ ಮುಂದಿನ ಮಣೆ, ಅತ್ತೆಯ ಊರುಗೋಲು, ಅವರು ದುಡಿಯುತ್ತಿದ್ದ ಕಂಪನಿಯವರು ಆಟೋದಲ್ಲಿ ಕಳಿಸಿದ್ದ ಇನ್ನಷ್ಟು ಸ್ಟೂಲು. ಇಟ್ಟು ಕೈಮುಗಿದು ನಾನೂ ಕೂತೆ. ಎಲ್ಲರೂ ಬಾಯಿ ಮುಚ್ಚಿ ಕಿವಿಗೊಟ್ಟರು. ಎಷ್ಟು ಹೊತ್ತು ಕೂತರೇನು, ಒಂದಾದರೂ ಗುನುಗಬೇಕಲ್ಲ! ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕೊನೆಗೆ ಊರ ಹಿರಿಯರಾದ ಮರಿಸಿದ್ದಪ್ಪನವರು ಮಂಡಿಗೆ ಕೈಕೊಟ್ಟು ಎದ್ದರು. "ಹೋಗ್ಲಿ ಬಿಡವ್ವ, ವರ್ಷದ ಆಲಿಕೆ ಅಂತ ಇನ್ನೊಂದೈತಲ್ಲ," ಎಂದರು. ಉಳಿದವರು ಪಾನಕ ಕುಡಿದು, ನನ್ನ ಮುಖ ನೋಡದೆ ಚಪ್ಪಲಿ ಮೆಟ್ಟಿಕೊಂಡರು.

ನಮ್ಮೂರಿನಲ್ಲಿ ಮನಸ್ಸಿಟ್ಟು ಮಾಡಿದ್ದು ಗುನುಗುತ್ತದೆ, ಅದೂ ಮಾಡಿದವರ ದನಿಯಲ್ಲೇ. ಬೇಕಾಬಿಟ್ಟಿ ಮಾಡಿದ್ದು ತೆಪ್ಪಗಿರುತ್ತದೆ. ಇದು ನೀರಿನ ಗುಣವೋ ಗಾಳಿಯ ಗುಣವೋ ಎಂದು ಯಾರೂ ತಲೆ ಕೆಡಿಸಿಕೊಂಡಿಲ್ಲ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳಲ್ಲಿ ಬಡಿದು ನೋಡುವುದಿಲ್ಲ, ಕಿವಿಗೆ ಹಿಡಿದು ನೋಡುತ್ತಾರೆ. ಅಜ್ಜಿ ಹೊಲಿದ ಕೌದಿಯಿದ್ದರೆ ಮಗುವನ್ನು ತೂಗುವ ಕೆಲಸ ಇಲ್ಲ. ಮಕ್ಕಳ ಪರೀಕ್ಷೆ ಬಂದರೆ ಒಳ್ಳೆಯ ಪಾತ್ರೆಪಡಗಕ್ಕೆಲ್ಲ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಬೇಕು. ಸೊಸೆ ಮಾಡಿದ ಹೋಳಿಗೆ ಎಲೆಯ ಮೇಲೆ ಗುನುಗಿದರೆ ಬೀಗರು ಹಿಗ್ಗುತ್ತಾರೆ, ಗುನುಗದಿದ್ದರೆ ತುಪ್ಪ ಹೆಚ್ಚು ಕೇಳುತ್ತಾರೆ. ಕಂತ್ರಾಟಿನಲ್ಲಿ ಕಟ್ಟಿದ ಬಸ್ ಸ್ಟ್ಯಾಂಡಿಗೆ ಮಾತ್ರ ಯಾವ ತಾಪತ್ರಯವೂ ಇಲ್ಲ, ಅಷ್ಟು ನಿಶ್ಶಬ್ದದ ಜಾಗ ಊರಲ್ಲಿ ಇನ್ನೊಂದಿಲ್ಲ.

ಸತ್ತವರು ಮಾಡಿಟ್ಟದ್ದರಲ್ಲಿ ಅವರ ದನಿ ಕೇಳಲು ಊರವರು ಕೂರುವುದೇ ಆಲಿಕೆ. ತಿಥಿಯ ಆಲಿಕೆಯಲ್ಲಿ ಏನೂ ಕೇಳಿಸದಿದ್ದರೆ ವರ್ಷದ ದಿನ ಇನ್ನೊಂದು ಅವಕಾಶವಿದೆ. ಆಗಲೂ ಕೇಳಿಸದಿದ್ದರೆ ಮುಗಿಯಿತು, ಆ ಮನೆಯಲ್ಲಿ ಆ ಹೆಸರಿಗೆ ಮತ್ತೆ ಆಲಿಕೆ ಇಡುವಂತಿಲ್ಲ. ಯುಗಾದಿಯ ದಿನ ಊರವರು ಸತ್ತವರ ಹೆಸರು ಕರೆಯುವಾಗ ಆ ಹೆಸರು ಬಿಟ್ಟು ಮುಂದಕ್ಕೆ ಹೋಗುತ್ತಾರೆ. ನನಗೆ ಹೆಸರಿನ ಚಿಂತೆ ಅಷ್ಟಿರಲಿಲ್ಲ. ನನಗೆ ಬೇಕಾಗಿದ್ದು ದನಿ. ಮನೆಯಲ್ಲಿ ಅವರು ಇರುವಷ್ಟು ಹೊತ್ತೂ ಬಾಯಲ್ಲಿ ಒಂದು ರಾಗ ಇರುತ್ತಿತ್ತು. ಸ್ನಾನ ಮಾಡುವಾಗ, ಚಪ್ಪಲಿ ಹುಡುಕುವಾಗ, ನಾನು ಬೈಯುವಾಗ ಕೂಡ. ಆಗ ನನಗೆ ಸಿಟ್ಟು ಬರುತ್ತಿತ್ತು. ಈಗ ಬಚ್ಚಲಿನ ಬಾಗಿಲು ಹಾಕಿಕೊಂಡರೆ ಬರೀ ನೀರಿನ ಸದ್ದು. ಒಂದೇ ಒಂದು ಸಲ ಆ ದನಿ ಕೇಳಿದರೆ ಸಾಕು ಎಂದು ನನ್ನ ಜೀವ ಬಾಯಿಬಿಡುತ್ತಿತ್ತು.

ನಾವಿಬ್ಬರೂ ದುಡಿದದ್ದು ಊರಾಚೆಯ ಕುರ್ಚಿ ಕಂಪನಿಯಲ್ಲಿ. ಹೆಬ್ಬೆಟ್ಟು ಒತ್ತಿದರೆ ತೆರೆಯುವ ಬಾಗಿಲು, ಗಾಜಿನ ಕೋಣೆ, ಕುತ್ತಿಗೆಗೆ ನೇತುಹಾಕಿಕೊಳ್ಳುವ ಗುರುತಿನ ಚೀಟಿ, ಎಲ್ಲ ಇರುವ ದೊಡ್ಡ ಕಂಪನಿ. ನಮ್ಮ ಗುನುಗುವ ಕುರ್ಚಿಗೆ ದೂರದ ಆಫೀಸುಗಳಲ್ಲಿ ಭಾರಿ ಬೇಡಿಕೆ. ಅದರ ಮೇಲೆ ಕೂತವರಿಗೂ ಕೆಲಸ ಮಾಡುವ ಮನಸ್ಸು ಬರುತ್ತದೆ ಎಂದು ಅಲ್ಲಿಯ ಮಾಲೀಕರ ನಂಬಿಕೆ, ಪಾಪ. ನಾನು ಕಿವಿ ವಿಭಾಗದವಳು. ತಯಾರಾದ ಪ್ರತಿಯೊಂದರ ಬೆನ್ನಿಗೂ ಕಿವಿಯಿಟ್ಟು, ಗುನುಗಿದರೆ ನೀಲಿ ಚೀಟಿ, ಸುಮ್ಮನಿದ್ದರೆ ಬಿಳಿ ಚೀಟಿ ಅಂಟಿಸುವುದು ನನ್ನ ಕೆಲಸ. ಬಿಳಿ ಚೀಟಿಯದು ಅರ್ಧ ಬೆಲೆಗೆ ಹೋಗುತ್ತದೆ. ದನಿ ಯಾರದು ಎಂದು ಗುರುತಿಸುವುದೂ ನನ್ನ ಪಾಲಿನದೇ. ಕೆಂಪಾಚಾರಿಯವರ ಮರದ ಕುರ್ಚಿ ಬಾವಿಯೊಳಗಿಂದ ಬಂದಂತೆ ದಪ್ಪಗೆ ಗುನುಗುತ್ತಿತ್ತು, ಬೀಬಿಜಾನ್ ಹೆಣೆದ ಬೆತ್ತದ ಕುರ್ಚಿ ಸಣ್ಣಗೆ, ಮೂಗಿನಲ್ಲಿ. ಕಣ್ಣು ಕಟ್ಟಿ ಕೂರಿಸಿದರೂ ಇದು ಇಂಥವರ ಕೈಯದು ಎಂದು ನಾನು ಹೇಳಬಲ್ಲೆ.

ನಮ್ಮನೆಯವರದು ಸ್ಟೂಲು ಮಾಡುವ ಕೆಲಸ. ಮಾಡುತ್ತಿದ್ದರು ಎನ್ನುವುದು ಒಂದು ಮಾತಿಗೆ. ಕಾಲು ಒಂದೆಡೆ ನಿಲ್ಲಬೇಕಲ್ಲ! ಒಂದು ಮೊಳೆ ಹೊಡೆದರೆ ಕೆಂಪಾಚಾರಿಯವರ ಹತ್ತಿರ ಹೊರಟರು, ಇನ್ನೊಂದು ಹೊಡೆದರೆ ಬೀಬಿಜಾನಳ ಹತ್ತಿರ. ಅಲ್ಲಿ ನಿಂತು ಕುರ್ಚಿಯ ಕಾಲು ಹಿಡಿದುಕೊಳ್ಳುವುದು, ಬೆತ್ತ ನೆನೆಸಿಕೊಡುವುದು, "ಈ ಗಂಟು ಹೆಂಗ್ ಹಾಕ್ದೆ, ಇನ್ನೊಂದ್ಸಲ ತೋರ್ಸು" ಎನ್ನುವುದು. ಓಡಾಟದ ಈರಭದ್ರ ಎಂದೇ ಕಂಪನಿಯಲ್ಲಿ ಅವರ ಹೆಸರು. ಮೇಸ್ತ್ರಿಗಳು ಕೆಲಸಗಳ್ಳ ಎನ್ನುತ್ತಿದ್ದರು. ಅವರ ಸ್ಟೂಲುಗಳಿಗೆಲ್ಲ ಬಿಳಿ ಚೀಟಿ ಅಂಟಿಸುತ್ತಿದ್ದವಳು ಕಟ್ಟಿಕೊಂಡ ಹೆಂಡತಿ, ಅಂದರೆ ನಾನು. "ಊರಿಗೆ ಉಪಕಾರಿ ಮನೆಗೆ ಮಾರಿ" ಎಂದು ಊಟಕ್ಕೆ ಬಡಿಸುತ್ತ ನಾನು ಅಂದರೆ, "ನೀನು ಕೊಟ್ಟ ಚೀಟಿ ಯಾವ ಬಣ್ಣದ್ದಾದ್ರೂ ಚೆಂದವೇ ಕಣೆ" ಎಂದು ನಗುತ್ತಿದ್ದರು. ಮಾರ್ಗಶಿರದಲ್ಲಿ ಒಂದು ಜ್ವರ ಬಂತು. ಎರಡನೆಯ ವಾರಕ್ಕೆ ಅವರನ್ನು ಕರೆದುಕೊಂಡೇ ಹೋಯಿತು.

ಅವರು ಹೋದ ಸ್ವಲ್ಪ ದಿನಕ್ಕೆ ಕಂಪನಿಯಲ್ಲಿ ನೀಲಿ ಚೀಟಿ ಖರ್ಚಾಗುವುದು ಕಡಿಮೆಯಾಯಿತು. ಮೊದಲು ಹೊಸಬರದು ನಿಂತಿತು, ಆಮೇಲೆ ನುರಿತವರದೂ. ಮಾಲೀಕರಿಗೆ ದಿಗಿಲಾಗಿ, ದುಡಿಮೆಯ ಶ್ರದ್ಧೆ ಹೆಚ್ಚಿಸುವುದಕ್ಕೆಂದೇ ಓದಿಕೊಂಡಿದ್ದ ನಿರಂಜನಮೂರ್ತಿ ಎಂಬುವರನ್ನು ಬೇರೆ ಊರಿನಿಂದ ಕರೆಸಿದರು. ಒಳ್ಳೆಯ ಮನುಷ್ಯ, ಯಾರನ್ನೂ ಏಕವಚನದಲ್ಲಿ ಮಾತಾಡಿಸಿದವರಲ್ಲ. ಆದರೆ ಸುಮ್ಮನೆ ಕೂರಲಾರರು. ಬೆಳಿಗ್ಗೆ ಬಂದ ಕೂಡಲೇ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಎದೆಯ ಮೇಲೆ ಕೈ ಇಡಿಸಿ, "ನನ್ನ ಕೆಲಸ, ನನ್ನ ಜಾಗ, ನನ್ನ ಹೆಮ್ಮೆ" ಎಂದು ಹೇಳಿಸುತ್ತಿದ್ದರು. ಗೋಡೆಯ ತುಂಬ ಬರಹ ಬಂತು. ತಿಂಗಳ ಉತ್ತಮ ಕೆಲಸಗಾರ ಎಂದು ಕೆಂಪಾಚಾರಿಯವರ ಫೋಟೋಗೆ ಕಟ್ಟು ಹಾಕಿಸಿ, ಹಾರ ಹಾಕಿ, ಸಣ್ಣ ದೀಪ ಉರಿಸಿದರು. ಮರುದಿನ ಆಚಾರಿಯವರ ಹೆಂಡತಿ ಗೇಟಿಗೆ ಬಂದು, "ಗಟ್ಟಿಮುಟ್ಟಾಗಿರೋ ಗಂಡುಸ್ನ ಫೋಟೋಗೆ ಹಾರ ಹಾಕಿದೀರಲ್ಲ, ನಿಮ್ಮನೇಲೇನ್ ಮುತ್ತೈದೇರಿಲ್ವಾ?" ಎಂದು ಕೂಗಾಡಿ ಇಳಿಸಿಕೊಂಡು ಹೋದರು.

ಕೊನೆಗೆ ಮೂರ್ತಿಯವರು ಪ್ರತಿಯೊಬ್ಬರ ಬೆಂಚಿನ ಸುತ್ತ ಹಳದಿ ಬಣ್ಣದ ಗೆರೆ ಎಳೆಸಿದರು. ಗೆರೆ ದಾಟಿ ಇನ್ನೊಬ್ಬರ ಬೆಂಚಿಗೆ ಹೋಗುವಂತಿಲ್ಲ, ಹರಟುವಂತಿಲ್ಲ. "ಗಮನ ಚದುರಬಾರದು, ಅಷ್ಟೇ ನನ್ನ ಉದ್ದೇಶ" ಎಂದು ಕೈಮುಗಿದು ಹೇಳಿದರು. "ಕೋಳಿಗೆ ಮಂಕರಿ ಕವುಚ್ದಂಗೆ ಕವುಚವ್ರೆ ಕಣಕ್ಕ," ಎಂದು ಬೀಬಿಜಾನ್ ನನ್ನ ಕಿವಿಯಲ್ಲಿ ಅಂದಳು. ಎಲ್ಲರೂ ತಲೆ ಬಗ್ಗಿಸಿ ದುಡಿದರು. ಮೈಗಳ್ಳತನ ಎಂಬ ಮಾತೇ ಇಲ್ಲ. ಕುರ್ಚಿಗಳ ಸಂಖ್ಯೆ ಏರಿತು, ಗುನುಗು ಪೂರ್ತಿ ಇಳಿಯಿತು. ಒಂದು ದಿನ ಕೆಂಪಾಚಾರಿಯವರ ಕುರ್ಚಿಗೇ ನಾನು ಬಿಳಿ ಚೀಟಿ ಹಚ್ಚಬೇಕಾಗಿ ಬಂತು. ತಪ್ಪಾಗಿ ಕೇಳಿತೇನೋ ಎಂದು ಎಡಗಿವಿ ಇಟ್ಟೆ, ಬಲಗಿವಿ ಇಟ್ಟೆ. ಆಚಾರಿಯವರು ಗೆರೆಯೊಳಗೆ ನಿಂತು ನನ್ನನ್ನೇ ನೋಡುತ್ತಿದ್ದರು.

"ಹಚ್ಚು ತಾಯಿ," ಅಂದರು. "ನಂಗೇ ಗೊತ್ತಾಗ್ತೈತೆ. ಉಳಿ ಹಿಡೀತೀನಿ, ಕೈ ಅದರ ಪಾಡಿಗದು ಮಾಡ್ತೈತೆ. ನಾನೇ ಅಲ್ಲಿರಲ್ಲ."

ಮನೆಯಲ್ಲಿ ನನ್ನ ಗತಿ ಇನ್ನೊಂದು ಥರ. ವರ್ಷ ತುಂಬುತ್ತ ಬಂದಹಾಗೆಲ್ಲ ನಾನು ಮನೆಯ ಮೂಲೆಮೂಲೆಗೂ ಕಿವಿಯಿಡುತ್ತ ಬಂದೆ. ಅವರು ಜೋಡಿಸಿದ್ದ ಬಾಗಿಲ ಚಿಲಕ, ಕಟ್ಟಿದ್ದ ಬಟ್ಟೆ ಒಣಹಾಕುವ ಹಗ್ಗ, ಬಚ್ಚಲಿಗೆ ಮೆತ್ತಿದ್ದ ಸಿಮೆಂಟು. ಹಗ್ಗಕ್ಕೆ ಕಿವಿಕೊಟ್ಟು ನಿಂತಿದ್ದ ನನ್ನನ್ನು ಪಕ್ಕದ ಮನೆಯವರು ನೋಡಿ ಒಳಕ್ಕೆ ಹೋದರು. ಅತ್ತೆ ಪುಟ್ಟಗಂಗಮ್ಮನವರು ಹಾಸಿಗೆ ಹಿಡಿದಿರಲಿಲ್ಲ, ಆದರೆ ಊಟ ಬಿಟ್ಟಿದ್ದರು. ಗಂಜಿ ಕುಡಿಸಲು ಹೋದರೆ ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು. "ನೀನು ಕಿವಿ ಕೆಲ್ಸ ಮಾಡೋಳು ಕಣೆ ದೇವೀರಿ. ಎಲ್ಲಾದ್ರೂ ಇರ್ಬೇಕು, ಹುಡುಕೆ. ಮೂವತ್ತು ವರ್ಷ ದುಡ್ದೋನು ಒಂದಾದ್ರೂ ಮನಸಿಟ್ಟು ಮಾಡಿರಲ್ವಾ?" ಅವರ ಮಗನಿಗೆ ಬಿಳಿ ಚೀಟಿ ಹಚ್ಚಿದವಳೇ ನಾನು.

ಒಂದು ದಿನ ಬೆಳಿಗ್ಗೆ ಮೂರ್ತಿಯವರು ನನ್ನನ್ನು ಮಾಲೀಕರ ಕೋಣೆಗೆ ಕರೆಸಿದರು. ಪಾಪ, ಕಣ್ಣ ಕೆಳಗೆ ಕಪ್ಪು ಬಂದಿತ್ತು. ಅಲ್ಲಿ ಕೆಂಪಾಚಾರಿಯವರ ಹಳೆಯ ಕುರ್ಚಿಯೊಂದಿದೆ, ಕಂಪನಿಯಲ್ಲೇ ಎಲ್ಲಕ್ಕಿಂತ ಚೆನ್ನಾಗಿ ಗುನುಗುವುದು ಅದು.

"ದೇವೀರಮ್ಮನವರೇ, ನನಗೆ ಈ ಕಿವಿ ಇಲ್ಲ. ನೀವು ಇದನ್ನು ಚೆನ್ನಾಗಿ ಕೇಳಿ ಹೇಳಿ. ಇದರಲ್ಲಿ ಇರುವಂಥದ್ದು ಏನು, ಈಗಿನದರಲ್ಲಿ ಇಲ್ಲದ್ದು ಏನು?"

"ಇದು ಆಚಾರಿಯವರ ದನಿ ಸಾರ್."

"ಯಾರ ದನಿ ಅಂತ ಕೇಳಲಿಲ್ಲ. ಏನಿದೆ ಅಂತ ಕೇಳಿದೆ."

ಕಿವಿ ವಿಭಾಗದವರನ್ನು ಇಷ್ಟು ವರ್ಷದಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ನಾವು ನೋಡುವುದು ಗುನುಗು ಇದೆಯೋ ಇಲ್ಲವೋ, ಇದ್ದರೆ ಯಾರದು ಎಂದು ಮಾತ್ರ. ದನಿ ಗುರುತು ಹತ್ತಿದ ಕೂಡಲೇ ಕಿವಿ ತೆಗೆದು ಮುಂದಿನದಕ್ಕೆ ಹೋಗುತ್ತೇವೆ. ಏನು ಹಾಡುತ್ತಿದೆ ಎಂದು ಕೇಳುತ್ತ ನಿಂತರೆ ಸಂಜೆಗೆ ಕೆಲಸ ಮುಗಿಯುವುದಿಲ್ಲ. ನಾನು ನೆಲದ ಮೇಲೆ ಕೂತು ಕುರ್ಚಿಯ ಬೆನ್ನಿಗೆ ಕಿವಿ ಒತ್ತಿದೆ. ದಪ್ಪ ದನಿ ಮೆಲ್ಲಗೆ ಏರಿತು, ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತು, ಮೂರನೆಯ ಸುತ್ತಿನಲ್ಲಿ ಇಳಿಯಬೇಕಾದ ಕಡೆ ತಟ್ಟನೆ ನಿಂತಿತು. ಆಮೇಲೆ "ಹ್ಞೂಂ" ಎಂದು ಒಂದು ಸಣ್ಣ ಸದ್ದು. ಮತ್ತೆ ಮೊದಲಿನಿಂದ.

ಆ "ಹ್ಞೂಂ" ಆಚಾರಿಯವರ ದಮ್ಮಿನ ಕಾಯಿಲೆ ಎಂದು ನಾನು ಎಂದೋ ತೀರ್ಮಾನಿಸಿಬಿಟ್ಟಿದ್ದೆ. ಅದು ನಮ್ಮ ಬಚ್ಚಲಿನ ಹಾಡು, ನಮ್ಮನೆಯವರದು. ಆ ಏರು, ಆ ಸುತ್ತು, ನಡುವೆ ನಿಂತು ಮತ್ತೆ ಶುರುವಾಗುವ ಆ ಅರೆಬರೆ ಬುದ್ಧಿ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ. ನಾನು ಮೂರ್ತಿಯವರಿಗೆ ಏನೂ ಹೇಳದೆ ಎದ್ದು ಗೋದಾಮಿಗೆ ಓಡಿದೆ. ಹಿಂದಿನ ವರ್ಷದ ಬೆತ್ತದ ಕುರ್ಚಿ ಒಂದಿತ್ತು, ಬೀಬಿಜಾನಳ ಮೂಗಿನ ದನಿ. ಮೂರನೆಯ ಸುತ್ತಿಗೆ ನಿಂತಿತು, "ಹ್ಞೂಂ" ಎಂದಿತು, ಮತ್ತೆ ಮೊದಲಿನಿಂದ. ಗೇಟಿನ ಕಾವಲಿನವರು ಕೂರುವ ಕುರ್ಚಿಯದೂ ಅದೇ, ಚಹದಂಗಡಿಯವರು ಕೊಂಡ ಬೆಂಚಿನದೂ ಅದೇ. ಬೇರೆ ಬೇರೆ ದನಿ, ಎಲ್ಲ ಕಡೆಯೂ ಒಂದೇ ತಪ್ಪು.

ಊಟದ ಬಿಡುವಿನಲ್ಲಿ ಕೆಂಪಾಚಾರಿಯವರನ್ನು ಕೇಳಿದೆ. "ಈ ಹಾಡು ಎಲ್ಲಿ ಕಲಿತ್ರಿ?"

"ಯಾವ್ ಹಾಡು? ನಾನೆಲ್ಲಿ ಹಾಡ್ತೀನಿ ತಾಯಿ?" ಎಂದವರು, ಎತ್ತಿದ ತುತ್ತನ್ನು ಬುತ್ತಿಗೆ ವಾಪಸು ಹಾಕಿದರು. "ಈರಭದ್ರ ಬಂದು ಕುರ್ಚಿ ಕಾಲು ಹಿಡ್ಕೊಂಡು ನಿಲ್ತಿದ್ದ. ಏನೋ ಗುನುಗ್ತಿದ್ದ. ಕೀಲು ಕೂತ್ರೆ, ಆಹಾ ಅಂತಿದ್ದ. ನಾನು ಚೆನ್ನಾಗ್ ಮಾಡ್ದೆ ಅಂತ ನಂಗಿಂತ ಮೊದ್ಲು ಅವ್ನಿಗೆ ಗೊತ್ತಾಗೋದು. ಅವ್ನು ನೋಡ್ಲಿ ಅಂತ್ಲೇ ಒಂದೊಂದ್ಸಲ ನಾನು ಇನ್ನೊಂದು ಉಜ್ಜು ಹೆಚ್ಗೆ ಉಜ್ತಿದ್ದೆ." ಆಮೇಲೆ ಅವರು ಊಟ ಮಾಡಲಿಲ್ಲ.

ಸಂಜೆ ಮೂರ್ತಿಯವರಿಗೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. "ಸುಮ್ಮನೆ ಓಡಾಡುವವರಿಗೆ ಸಂಬಳ ಕೊಡಿ ಅಂತ ನಾನು ಮಾಲೀಕರಿಗೆ ಹೇಳಲೇ?" ಎಂದರು.

"ಹೇಳ್ಬೇಡಿ ಸಾರ್. ಆ ಗೆರೆ ಅಳಿಸಿ, ಸಾಕು."

ಅವರು ಅಳಿಸಲಿಲ್ಲ. ತಾವೇ ಎಳೆಸಿದ್ದನ್ನು ತಾವೇ ಅಳಿಸುವುದು ಓದಿದವರಿಗೆ ಕಷ್ಟ. ಆದರೆ ಮರುದಿನ ಕೆಂಪಾಚಾರಿಯವರು ಉಳಿ ಕೆಳಗಿಟ್ಟು, ಹಳದಿ ಗೆರೆ ದಾಟಿ, ಬೀಬಿಜಾನಳ ಬೆಂಚಿಗೆ ನಡೆದು ಹೋಗಿ ಬೆತ್ತದ ತುದಿ ಹಿಡಿದುಕೊಂಡು ನಿಂತರು. "ಈ ಅಂಚು ಹೆಂಗ್ ತಿರುಗಿಸ್ತೀಯವ್ವ, ಎಷ್ಟೋ ವರ್ಷದಿಂದ ಕೇಳ್ಬೇಕಂತಿದ್ದೆ," ಎಂದರು. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು, ತೋರಿಸಿದಳು. ಇಡೀ ಕಾರ್ಖಾನೆ ಗಾಜಿನ ಕೋಣೆಯ ಕಡೆ ನೋಡಿತು. ಮೂರ್ತಿಯವರೂ ನೋಡಿದರು. ನೋಡಿ, ಎದ್ದು ಬಂದು, ಪರದೆ ಎಳೆದುಕೊಂಡರು. ಆ ವಾರ ಅವಳ ಒಂದು ಕುರ್ಚಿಗೆ ನಾನು ನೀಲಿ ಚೀಟಿ ಹಚ್ಚಿದೆ. ತುಂಬಾ ಸಣ್ಣ ಗುನುಗು, ರಾಗವೂ ಬೇರೆ. ಹೊಸ ರಾಗ ಕೇಳಿ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ನಮ್ಮನೆಯವರ ಹಾಡು ಇನ್ನು ಹಳೆಯ ಕುರ್ಚಿಗಳಲ್ಲಿ ಮಾತ್ರ.

ವರ್ಷದ ಆಲಿಕೆಯ ದಿನ ಊಟವಾದ ಮೇಲೆ ಕುರ್ಚಿಗಳು ಬಂದವು. ಯಾರನ್ನೂ ಕರೆಯಲು ನಾನು ಹೋಗಿರಲಿಲ್ಲ, ಬೀಬಿಜಾನ್ ಊರೆಲ್ಲ ತಿರುಗಿದ್ದಳು. ಚಹದಂಗಡಿಯ ಬೆಂಚು ಬಂತು. ಯಾರದೋ ಮಗಳ ಮದುವೆಗೆ ಕೊಟ್ಟಿದ್ದ ಕುರ್ಚಿ ಬಸ್ಸಿನ ಮೇಲೆ ಬಂತು. ಮಾಲೀಕರ ಕೋಣೆಯದನ್ನು ಮೂರ್ತಿಯವರು ಇಸ್ತ್ರಿ ಮಾಡಿದ ಅಂಗಿಯ ಹೆಗಲ ಮೇಲೆ ಹೊತ್ತು ತಂದರು. ನಡುಮನೆ ತುಂಬಿ ಜಗುಲಿಗೂ ಇಟ್ಟೆವು. ಮರಿಸಿದ್ದಪ್ಪನವರು ತಲೆಯಾಡಿಸಿದರು. "ಹಿಂಗೆಲ್ಲ ಆಗಲ್ಲ. ಆಲಿಕೆಗೆ ಸತ್ತೋನು ಕೈಯಾರೆ ಮಾಡಿದ್ದು ಮಾತ್ರ ಇಡ್ಬೇಕು."

"ಇದನ್ನ ಮಾಡ್ದೋನು ನಾನೇ," ಎಂದರು ಕೆಂಪಾಚಾರಿಯವರು. "ಮಾಡ್ಸ್ದೋನು ಅವ್ನು. ಬೇಡ ಅಂದ್ರೆ ಕುರ್ಚಿ ಜತೆ ನನ್ನೂ ಎಬ್ಬಿಸಿ ಕಳ್ಸಿ."

ಮರಿಸಿದ್ದಪ್ಪನವರು ಸುತ್ತ ನೋಡಿದರು. ಯಾರೂ ಏಳುವ ಹಾಗೆ ಕಾಣಲಿಲ್ಲ. ಅವರೂ ಕೂತರು.

ಮೊದಲು ಆಚಾರಿಯವರ ಕುರ್ಚಿ ರಾಗ ಎತ್ತಿಕೊಂಡಿತು. ಆಮೇಲೆ ಬೆತ್ತದ್ದು, ಬೆಂಚು, ಜಗುಲಿಯ ಮೇಲಿನವು. ಹಿಂದುಮುಂದಾಗಿ ಶುರುವಾದವು ಎರಡು ಸುತ್ತಿನಲ್ಲಿ ಒಂದಾದವು. ದಪ್ಪ ದನಿ, ಸಣ್ಣ ದನಿ, ಎಂದೋ ಕೆಲಸ ಬಿಟ್ಟವರ ದನಿ, ಸತ್ತವರ ದನಿ. ಎಲ್ಲ ಸೇರಿ ಏರಿ, ಸುತ್ತಿ, ಮೂರನೆಯ ಸುತ್ತಿಗೆ ನಿಂತು, ಎಲ್ಲ ಸೇರಿ "ಹ್ಞೂಂ" ಎಂದು ಮತ್ತೆ ಮೊದಲಿಗೆ ಬಂದವು. ಜನ ಅಳತೊಡಗಿದರು. ನಾನು ಮಾತ್ರ ಅಷ್ಟು ದನಿಗಳ ನಡುವೆ ಒಂದನ್ನು ಹುಡುಕುತ್ತಿದ್ದೆ. ಎಲ್ಲ ಒಂದಾದಾಗ ಎಲ್ಲೋ ಅಡಿಯಲ್ಲಿ ಅವರದೂ ಕೇಳಿಸೀತು ಎಂದು ಆಸೆಯಿಟ್ಟುಕೊಂಡಿದ್ದೆ. ಇರಲಿಲ್ಲ. ಊರಿನ ಇಷ್ಟು ಜನರ ದನಿ ಇತ್ತು, ನನಗೆ ಬೇಕಾದದ್ದೊಂದು ಇರಲಿಲ್ಲ. ಹಾಡು ಅವರದೇ ಆಗಿದ್ದರಿಂದ ಅವರಿಲ್ಲದ್ದು ಇನ್ನಷ್ಟು ಉರಿಯಿತು. ಅತ್ತೆಯ ಮುಖ ನೋಡಲು ಧೈರ್ಯವಾಗಲಿಲ್ಲ. ಅವರಿಗೆ ಬೇಕಾಗಿದ್ದೂ ಇದಲ್ಲವಲ್ಲ ಎಂದುಕೊಂಡೆ.

ನೋಡಿದರೆ ಅತ್ತೆ ನಗುತ್ತಿದ್ದರು. ಕೋಲೂರಿ ಎದ್ದು ಬಂದು ಕುರ್ಚಿಗಳ ನಡುವೆ ನೆಲದ ಮೇಲೆ ಕೂತರು.

"ಅಲ್ಲಿಗೇ ನಿಲ್ತದೆ ನೋಡು," ಎಂದರು. "ಇದು ನಾನು ತೊಟ್ಲು ತೂಗೋವಾಗ ಹಾಡ್ತಿದ್ದುದು ಕಣೆ. ಮೂರ್ನೇ ಸುತ್ತಿಗೆ ಬರೋ ಹೊತ್ಗೆ ಕಳ್ಳಂಗೆ ನಿದ್ದೆ ಹತ್ಬಿಡೋದು. ನಾನು ನಿಲ್ಲಿಸ್ತಿದ್ದಂಗೆ 'ಹ್ಞೂಂ' ಅಂತ ಮಗ್ಗುಲಾಗೋನು. ಎದ್ಬಿಟ್ಟಾ ಅಂತ ಮತ್ತೆ ಮೊದ್ಲಿಂದ ಹಾಡ್ತಿದ್ದೆ. ಪೂರ್ತಿ ಹಾಡು ಅವ್ನು ಒಂದಿನಾನೂ ಕೇಳ್ಲಿಲ್ಲ. ಅಷ್ಟೇ ಹಾಡು ಅಂದ್ಕೊಂಡಿದ್ದ ನನ್ ಮಗ."

ಕುರ್ಚಿಗಳು ಮತ್ತೆ ಏರಿದವು, ಸುತ್ತಿದವು, ಮೂರನೆಯ ಸುತ್ತಿಗೆ ಬಂದು ನಿಂತವು. "ಹ್ಞೂಂ" ಬರುವ ಮೊದಲೇ ಅತ್ತೆ ಪಕ್ಕದ ಕುರ್ಚಿಯ ಮೇಲೆ ಅಂಗೈಯಿಟ್ಟು, ಒಡೆದ ದನಿಯಲ್ಲಿ ಮುಂದಿನದನ್ನು ಹಾಡಿದರು. ನಾನು ಮದುವೆಯಾಗಿ ಬಂದ ಮೇಲೆ ಮೊದಲ ಸಲ ಕೇಳಿದೆ. ಉದ್ದದ ಸಾಲು, ಅವಸರವಿಲ್ಲದೆ ಇಳಿಯುತ್ತ ಇಳಿಯುತ್ತ ಹೋಗಿ ಕೆಳಗೆ ಮುಟ್ಟಿ ಮುಗಿಯಿತು. ನಾವೆಲ್ಲ ಕಾದೆವು. ಒಂದು ಕುರ್ಚಿಯೂ "ಹ್ಞೂಂ" ಎನ್ನಲಿಲ್ಲ.

ಇನ್ನೊಂದು ಸಲ ಎಂದು ಕೂಗಲು ನಾನು ಬಾಯಿ ತೆರೆದೆ. ಅತ್ತೆ ತುಟಿಯ ಮೇಲೆ ಬೆರಳಿಟ್ಟರು.

"ಶ್, ದೇವೀರಿ. ಮಲಗ್ದ."